43 ಗ್ರಾಂನಿಂದ 13ಕ್ಕೆ: ಬ್ರೊಕೊಲಿ ಬೇಕ್ ದುರಸ್ತಿಯ ಟಿಪ್ಪಣಿಗಳು

ತರಕಾರಿಯ ಮೇಲೆ ಬಿಳಿ ಸಾಸ್ ಸುರಿದು, ಚೀಸ್ ತುರಿದು ಹಾಕಿ, ಮೇಲ್ಪದರ ಕಂದುಬಣ್ಣಕ್ಕೆ ತಿರುಗುವವರೆಗೆ ಓವನ್‌ನಲ್ಲಿ ಇಡುವ ಬೇಕ್ ನಮ್ಮ ಮನೆಯಲ್ಲಿ ಬಹಳ ಹಳೆಯದು. ಮೊದಲು ಅದರಲ್ಲಿ ಹುರುಳಿಕಾಯಿ, ಕ್ಯಾರೆಟ್, ಹೂಕೋಸು ಇರುತ್ತಿದ್ದವು. ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಬ್ರೊಕೊಲಿ ಮಾಮೂಲಿಯಾದ ಮೇಲೆ ಹೂಕೋಸಿನ ಜಾಗಕ್ಕೆ ಅದು ಬಂತು, ಜೊತೆಗೆ ಮಗಳ ಒತ್ತಾಯಕ್ಕೆ ಒಂದು ಹಿಡಿ ಮ್ಯಾಕರೋನಿಯೂ ಸೇರಿತು. ತರಕಾರಿ ಬದಲಾಯಿತೇ ಹೊರತು ಸಾಸ್ ಬದಲಾಗಲಿಲ್ಲ. ಅಮ್ಮನ ರಕ್ತಪರೀಕ್ಷೆಯ ವರದಿ ನೋಡಿ ಬೆಣ್ಣೆ, ಕೆನೆ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದಾಗ ಎಲ್ಲರಿಗೂ ಮೊದಲು ನೆನಪಾದದ್ದು ಈ ಬೇಕ್. ಅಮ್ಮ ಅದನ್ನು ಬಿಟ್ಟೇಬಿಡಲು ಸಿದ್ಧರಿದ್ದರು. ಬಿಡುವ ಮೊದಲು ಒಮ್ಮೆ ಬಿಚ್ಚಿ ನೋಡೋಣ ಎಂದು ನಾನು ತಕ್ಕಡಿ ಹೊರತೆಗೆದೆ.

ನಾಲ್ಕು ಜನರ ಹಳೆಯ ಅಳತೆ ಹೀಗಿತ್ತು: ಬೆಣ್ಣೆ 50 ಗ್ರಾಂ, ಮೈದಾ 50 ಗ್ರಾಂ, ಫುಲ್ ಕ್ರೀಮ್ ಹಾಲು 750 ಮಿಲಿ, ಕ್ರೀಮ್ 200 ಮಿಲಿಯ ಒಂದು ಪೊಟ್ಟಣ, ಚೀಸ್ 150 ಗ್ರಾಂ. ಬೆಣ್ಣೆಯಲ್ಲಿ ಶೇ 80ರಷ್ಟು ಕೊಬ್ಬು, ಅಂದರೆ 40 ಗ್ರಾಂ. ಫುಲ್ ಕ್ರೀಮ್ ಹಾಲಿನಲ್ಲಿ ಶೇ 6, ಅಲ್ಲಿ 45. ರಟ್ಟಿನ ಪೊಟ್ಟಣದಲ್ಲಿ ಸಿಗುವ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಶೇ 25, ಅಲ್ಲಿ 50. ಸಂಸ್ಕರಿತ ಚೀಸ್‌ನಲ್ಲೂ ಹೆಚ್ಚುಕಡಿಮೆ ಶೇ 25, ಅಲ್ಲಿ 37 ಚಿಲ್ಲರೆ. ಎಲ್ಲ ಕೂಡಿಸಿದರೆ 172 ಗ್ರಾಂ ದಾಟುತ್ತದೆ. ತಲೆಗೆ 43 ಗ್ರಾಂ ಕೊಬ್ಬು. ಗ್ರಾಂಗೆ 9 ಕಿಲೊ ಕ್ಯಾಲರಿಯಂತೆ ಕೊಬ್ಬಿನಿಂದಲೇ 390ರ ಆಸುಪಾಸು. ಮೈದಾ, ಮ್ಯಾಕರೋನಿಗಳ ಲೆಕ್ಕ ಬೇರೆ.

ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಾಗ ಒಂದು ಸಂಗತಿ ಸ್ಪಷ್ಟವಾಯಿತು. ಎಲ್ಲರೂ ಬೈಯುವ ಚೀಸ್ ಈ ಪಟ್ಟಿಯಲ್ಲಿ ಕೊನೆಯದು. ಮೊದಲ ಸ್ಥಾನ ಕ್ರೀಮ್‌ನದು, ಎರಡನೆಯದು ಹಾಲಿನದು. ಆದರೆ ರುಚಿಯ ಮಾತು ಬಂದರೆ ಈ ಕ್ರಮ ತಲೆಕೆಳಗಾಗುತ್ತದೆ: ಚೀಸ್ ಕೊಡುವಷ್ಟು ರುಚಿಯನ್ನು ಇವುಗಳಲ್ಲಿ ಯಾವುದೂ ಕೊಡುವುದಿಲ್ಲ, ಕ್ರೀಮ್ ಅಂತೂ ಬಾಯಿಗೆ ಮೆತ್ತಗಾಗುತ್ತದೆಯೇ ವಿನಾ ಅದಕ್ಕೆ ತನ್ನದೇ ಸ್ವಾದ ತೀರಾ ಕಡಿಮೆ. ಹಾಗಾಗಿ ಚೀಸ್ ತೆಗೆದು ಕ್ರೀಮ್ ಉಳಿಸುವ ಹಲವು 'ಆರೋಗ್ಯಕರ' ವಿಧಾನಗಳನ್ನು ನಾನು ಓದಿದ ಕೂಡಲೇ ಮಡಚಿಟ್ಟೆ.

ಕ್ರೀಮ್ ತೆಗೆದು ಅದರ ಜಾಗಕ್ಕೆ ಇನ್ನೊಂದನ್ನು ಸುರಿಯುವ ಸಲಹೆಯೂ ಬೇಕಾದಷ್ಟು ಸಿಗುತ್ತದೆ. ಗೋಡಂಬಿಯನ್ನು ನೆನೆಸಿ ಅರೆದರೆ ಅದ್ಭುತವಾದ ಸಾಸ್ ಆಗುತ್ತದೆ, ಸಂಶಯವಿಲ್ಲ. ಆದರೆ ಗೋಡಂಬಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬೇ ಇದೆ. 100 ಗ್ರಾಂ ಅರೆದರೆ ಒಂದು ಪೊಟ್ಟಣ ಕ್ರೀಮ್‌ಗೆ ಹೆಚ್ಚು ಕಡಿಮೆ ಸಮ. ಆ ಕೊಬ್ಬಿನ ಬಗೆ ಬೇರೆ, ನಿಜ. ಆದರೂ ಅದನ್ನು ಹಗುರ ಎಂದು ಕರೆಯಲಾಗದು. ದಪ್ಪ ತೆಂಗಿನಹಾಲು ಹಾಕಿದರೆ ಬೇಕ್ ಹೋಗಿ ಕೇರಳದ ಸ್ಟ್ಯೂ ಆಗುತ್ತದೆ. ಪನೀರ್ ಅರೆದು ಹಾಕಿದರೆ ಬಿಸಿಯಿರುವಾಗ ಚೆನ್ನ, ತಣಿಯುತ್ತಿದ್ದಂತೆ ಮರಳು ಮರಳು.

ಕ್ರೀಮ್ ಈ ಪಾತ್ರೆಯಲ್ಲಿ ಒಂದಲ್ಲ, ನಾಲ್ಕು ಕೆಲಸ ಮಾಡುತ್ತಿದೆ. ಸಾಸಿಗೆ ಮೈ ಕೊಡುವುದು, ನಾಲಿಗೆಯ ಮೇಲೆ ನುಣುಪಾಗಿ ಜಾರುವುದು, ಉಪ್ಪು ಕಹಿಗಳ ಅಂಚು ಮೊಂಡಾಗಿಸುವುದು, ಪರಿಮಳವನ್ನು ಹಿಡಿದಿಟ್ಟುಕೊಳ್ಳುವುದು. ಮೊದಲ ಎರಡಕ್ಕೆ ಕೊಬ್ಬೇ ಬೇಕೆಂದಿಲ್ಲ. ಕೊನೆಯ ಎರಡಕ್ಕೆ ಬೇಕು, ಆದರೆ ಸ್ವಲ್ಪ ಸಾಕು. ಆ ಸ್ವಲ್ಪವನ್ನೂ ಸಾಸಿನ ಆಳದಲ್ಲಿ ಕರಗಿಸಿಬಿಡದೆ ಮೇಲುಗಡೆ, ನಾಲಿಗೆಗೆ ಮೊದಲು ತಾಗುವ ಕಡೆ ಇಡಬೇಕು. ಮುಂದಿನ ಎಲ್ಲ ಕೆಲಸವೂ ಈ ವಿಂಗಡಣೆಯ ಮೇಲೆಯೇ ನಿಂತಿದೆ.

ಕಾಂಡ

ಮೈ ಕೊಡುವ ಕೆಲಸಕ್ಕೆ ಆಳು ಮನೆಯಲ್ಲೇ ಇತ್ತು. ಬ್ರೊಕೊಲಿಯ ದಪ್ಪ ಕಾಂಡವನ್ನು ಬಹಳ ಮನೆಗಳಲ್ಲಿ ಕಸದ ಬುಟ್ಟಿಗೆ ಎಸೆಯುತ್ತಾರೆ. ಕೆಲವು ಅಂಗಡಿಯವರು ಗಿರಾಕಿಯನ್ನು ಕೇಳದೆಯೇ ಕತ್ತರಿಸಿ ಕೊಡುತ್ತಾರೆ. ತೂಗಿದ ಮೇಲೆ ಕತ್ತರಿಸುವವರ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ನಾನು ತಂದ 500 ಗ್ರಾಂನ ಬ್ರೊಕೊಲಿಯಲ್ಲಿ ಕಾಂಡದ ತೂಕವೇ 170 ಗ್ರಾಂ ಇತ್ತು, ಸಿಪ್ಪೆ ಕೆತ್ತಿದ ಮೇಲೆ 120 ಉಳಿಯಿತು.

ಸಿಪ್ಪೆ ಕೆತ್ತುವುದರಲ್ಲಿ ಜಿಪುಣತನ ಬೇಡ. ಹೊರಗಿನ ಹಸಿರು ಪದರದಲ್ಲಿ ನಾರಿದೆ, ಅದು ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಮಿಕ್ಸಿಯಲ್ಲಿಯೂ ಎಳೆ ಎಳೆಯಾಗಿ ಉಳಿದುಬಿಡುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಹೊರಗಿನ ನಾರಿನ ಉಂಗುರ ಮತ್ತು ಒಳಗಿನ ತಿಳಿಬಣ್ಣದ ತಿರುಳು ಬೇರೆಯಾಗಿ ಕಾಣುತ್ತವೆ. ಉಂಗುರ ಪೂರ್ತಿ ಹೋಗಬೇಕು. ಉಳಿದ ತಿರುಳು ಹಸಿಯಾಗಿ ಕಚ್ಚಿದರೂ ಸಿಹಿ. ನವಿಲುಕೋಸು ತಿಂದವರಿಗೆ ಈ ರುಚಿ ಹೊಸದೇನಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಪ್ರಭೇದದವು. ಒಂದನ್ನು ಎಲೆಗಾಗಿ, ಇನ್ನೊಂದನ್ನು ಉಬ್ಬಿದ ಕಾಂಡಕ್ಕಾಗಿ, ಮತ್ತೊಂದನ್ನು ಮೊಗ್ಗಿಗಾಗಿ ರೈತರು ತಲೆಮಾರುಗಟ್ಟಲೆ ಆಯ್ದು ಬೆಳೆಸಿದ್ದರಿಂದ ಬೇರೆ ಬೇರೆ ರೂಪ ತಾಳಿವೆ.

ತಿರುಳನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, 150 ಮಿಲಿ ನೀರಿನ ಜೊತೆ ಕುಕ್ಕರ್‌ನಲ್ಲಿ ಒಂದು ಸೀಟಿ ಕೂಗಿಸಿದೆ. ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಬೇಕು. ನೀರು ಚೆಲ್ಲದೆ, ಪೂರ್ತಿ ತಣಿದ ಮೇಲೆ ಚಿಕ್ಕ ಜಾರಿನಲ್ಲಿ ಅರೆದರೆ ದೋಸೆಹಿಟ್ಟಿನ ಹದದ, ದಂತದ ಬಣ್ಣಕ್ಕೆ ಎಲ್ಲೋ ಒಂದು ಎಳೆ ಹಸಿರು ಬೆರೆತ ಲೇಹ ಸಿಗುತ್ತದೆ. ದೊಡ್ಡ ಜಾರಿನಲ್ಲಿ ಇಷ್ಟು ಕಡಿಮೆ ಪ್ರಮಾಣ ಹಾಕಿದರೆ ಗೋಡೆಗೆ ಹಾರಿ ಅಂಟಿಕೊಳ್ಳುತ್ತದೆ, ನುಣ್ಣಗಾಗುವುದಿಲ್ಲ.

ಸಾಸ್ ಅಪ್ಪಟ ಬೆಳ್ಳಗೇ ಇರಬೇಕು ಎನ್ನುವವರು ಕಾಂಡದ ಜೊತೆ ಒಂದೆರಡು ಹೂಕೋಸಿನ ತುಂಡು ಸೇರಿಸಬಹುದು. ಆಲೂಗಡ್ಡೆ ಬೇಡ. ಬೆಂದ ಆಲೂಗಡ್ಡೆಯನ್ನು ಮಿಕ್ಸಿಯ ವೇಗದಲ್ಲಿ ತಿರುಗಿಸಿದರೆ ಅದರ ಪಿಷ್ಟ ಹೊರಬಂದು ಅಂಟಿನಂತಾಗುತ್ತದೆ.

ಹೂವು

ಮೊಗ್ಗುಗಳ ನಡುವೆ ಹಸಿರು ಹುಳು ಅಡಗಿರುತ್ತದೆ, ಅದೂ ಅದೇ ಬಣ್ಣದ್ದು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ತಲೆಕೆಳಗಾಗಿ ಮುಳುಗಿಸಿಟ್ಟರೆ ಹೊರಬರುತ್ತವೆ. ಹಳದಿ ತಿರುಗಿದ ಹೂವನ್ನು ಕೊಳ್ಳುವುದಿಲ್ಲ. ಅದು ಅರಳಲು ಹೊರಟ ಮೊಗ್ಗು, ಕಹಿ ಜಾಸ್ತಿ.

ಕೊಬ್ಬು ತುಂಬಿದ ಹಳೆಯ ಸಾಸಿನಲ್ಲಿ ಬ್ರೊಕೊಲಿಯನ್ನು ನೀರಿನಲ್ಲಿ ಬೇಯಿಸಿ ಹಾಕಿದರೂ ನಡೆಯುತ್ತಿತ್ತು. ಹಗುರ ಸಾಸಿನಲ್ಲಿ ಅದು ನಡೆಯುವುದಿಲ್ಲ. ಮೊಗ್ಗುಗಳು ಹಿಡಿದಿಟ್ಟುಕೊಂಡ ನೀರು ಓವನ್‌ನಲ್ಲಿ ನಿಧಾನವಾಗಿ ಸುರಿದು ತಟ್ಟೆಯ ತಳದಲ್ಲಿ ಕೆರೆ ಕಟ್ಟುತ್ತದೆ. ಬೇಕ್ ಮಾಡುವಾಗ ಹಾಗಾಗಿ ನೀರಿನ ಸಹವಾಸವನ್ನೇ ಬಿಟ್ಟೆ. ತೊಳೆದ ಹೂವನ್ನು ಬಟ್ಟೆಯ ಮೇಲೆ ಹರಡಿ ಆರಿಸಿ, ಪ್ರತಿ ಗೊಂಚಲನ್ನೂ ಉದ್ದಕ್ಕೆ ಸೀಳಿ ಒಂದು ಬದಿ ಚಪ್ಪಟೆ ಮಾಡಿಕೊಂಡೆ. ಕಬ್ಬಿಣದ ದೋಸೆ ಹಂಚು ಚೆನ್ನಾಗಿ ಕಾದ ಮೇಲೆ ಒಂದು ಟೀ ಚಮಚ ಎಣ್ಣೆ ಸವರಿ, ಚಪ್ಪಟೆ ಬದಿ ಕೆಳಗಾಗುವಂತೆ ಒತ್ತೊತ್ತಾಗಿರದೆ ಜೋಡಿಸಿ, ಅಲುಗಾಡಿಸದೆ ಮೂರು ನಿಮಿಷ ಬಿಟ್ಟೆ. ಕೆಳಗೆ ಕಂದು, ಮೇಲೆ ಹೊಳೆಯುವ ಹಸಿರು. ಆ ಕಂದು ಬದಿಯಲ್ಲಿ ಹುರಿದ ಕಾಳಿನ ಘಮವಿದೆ. ಸಾಸಿನಲ್ಲಿ ಕಳೆದುಕೊಂಡ ಬೆಣ್ಣೆಯ ಪರಿಮಳಕ್ಕೆ ಇದು ಒಳ್ಳೆಯ ಪರಿಹಾರ.

ಹಸಿರಿನ ಬಗ್ಗೆ ಎರಡು ಮಾತು. ಬಿಸಿ ತಾಗಿದ ಮೊದಲ ಅರ್ಧ ನಿಮಿಷದಲ್ಲಿ ಬ್ರೊಕೊಲಿ ಇದ್ದಕ್ಕಿದ್ದಂತೆ ಹೆಚ್ಚು ಹಸಿರಾಗುತ್ತದೆ, ಏಕೆಂದರೆ ಜೀವಕೋಶಗಳ ನಡುವಿನ ಗಾಳಿ ಹೊರಟುಹೋಗಿ ಒಳಗಿನ ಬಣ್ಣ ನೇರವಾಗಿ ಕಾಣಿಸುತ್ತದೆ. ಬೇಯಿಸುತ್ತಲೇ ಹೋದರೆ ತರಕಾರಿಯದೇ ಆಮ್ಲ ಕ್ಲೋರೊಫಿಲ್‌ನಲ್ಲಿರುವ ಮೆಗ್ನೀಸಿಯಮ್ ಅನ್ನು ಹೊರದಬ್ಬುತ್ತದೆ, ಬಣ್ಣ ಪಾಚಿಗೆ ತಿರುಗುತ್ತದೆ. ಮುಚ್ಚಳ ತೆರೆದು ಬೇಯಿಸಿದರೆ ಆವಿಯಾಗಬಲ್ಲ ಆಮ್ಲಗಳು ಹಾರಿಹೋಗುವುದರಿಂದ ಈ ಬದಲಾವಣೆ ತಡವಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿ ಹಸಿರು ಉಳಿಸುವವರಿದ್ದಾರೆ. ಬಣ್ಣ ಉಳಿಯುವುದು ನಿಜ, ಆದರೆ ಹೂವು ಲೊಳಲೊಳ ಆಗುತ್ತದೆ, ಸಿ ಜೀವಸತ್ವವೂ ಹಾಳು.

ಬೆಂದು ಬೆಂದು ಸತ್ತ ಬ್ರೊಕೊಲಿಯ ಗಂಧಕದ ವಾಸನೆಯೇ ಈ ತರಕಾರಿಗೆ ಕೆಟ್ಟ ಹೆಸರು ತಂದಿರುವುದು. ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್, ಚಿಕ್ಕಂದಿನಿಂದಲೂ ತಾಯಿ ಬಲವಂತವಾಗಿ ತಿನ್ನಿಸಿದ ಬ್ರೊಕೊಲಿಯನ್ನು ಇನ್ನು ಮುಟ್ಟುವುದಿಲ್ಲ ಎಂದು 1990ರಲ್ಲಿ ಘೋಷಿಸಿದಾಗ ಅಲ್ಲಿನ ಬೆಳೆಗಾರರು ಲಾರಿಯಲ್ಲಿ ಬ್ರೊಕೊಲಿ ತುಂಬಿಸಿ ವಾಷಿಂಗ್ಟನ್‌ಗೆ ಕಳಿಸಿದ್ದರು. ಅವರ ಮನೆಯಲ್ಲಿ ಅದನ್ನು ಎಷ್ಟು ಹೊತ್ತು ಬೇಯಿಸುತ್ತಿದ್ದರು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ.

ಸಾಸ್

ಇದು ಇಡೀ ಕೆಲಸದ ಕಠಿಣ ಭಾಗ. ಬೆಣ್ಣೆಯಲ್ಲಿ ಮೈದಾ ಹುರಿಯುವುದಕ್ಕೆ ಎರಡು ಉದ್ದೇಶಗಳಿವೆ: ಹಸಿವಾಸನೆ ಹೋಗಬೇಕು, ಹಿಟ್ಟಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಹಾಲಿನಲ್ಲಿ ಬಿಡಿಬಿಡಿಯಾಗಿ ಹರಡಬೇಕು. ಮೊದಲನೆಯದನ್ನು ಒಣ ಬಾಣಲೆಯಲ್ಲೂ ಸಾಧಿಸಬಹುದು, ಉಪ್ಪಿಟ್ಟಿಗೆ ರವೆ ಹುರಿದು ಅಭ್ಯಾಸವಿದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯದಕ್ಕೆ ತಣ್ಣನೆಯ ಹಾಲು ಸಾಕು. ಗಂಟಾಗುವುದು ಹಿಟ್ಟು ಬಿಸಿ ಹಾಲಿಗೆ ನೇರ ಬಿದ್ದಾಗ ಮಾತ್ರ.

ಯಾವ ಹಿಟ್ಟು ಎಂಬುದನ್ನು ಪುಟ್ಟ ಪಾತ್ರೆಗಳಲ್ಲಿ, ಪ್ರತಿಯೊಂದಕ್ಕೂ 100 ಮಿಲಿ ಟೋನ್ಡ್ ಹಾಲು ಬಳಸಿ ಪರೀಕ್ಷಿಸಿದೆ. ಕಾರ್ನ್‌ಫ್ಲೋರ್‌ಗೆ ಮೈದಾದ ಸುಮಾರು ಎರಡರಷ್ಟು ಶಕ್ತಿ. ಅರ್ಧ ಹಾಕಿದರೂ ಸಾಸ್ ಗಟ್ಟಿ. ಆದರೆ ಅದರ ಹೊಳಪು ಚೈನೀಸ್ ಗ್ರೇವಿಯ ಹೊಳಪು, ತಣಿದರೆ ಜೆಲ್ಲಿ. ಅಕ್ಕಿಹಿಟ್ಟು ಬಿಸಿಯಿರುವಾಗ ಬಹಳ ನುಣುಪು, ಆರಿದರೆ ಮಗುವಿಗೆ ಕೊಡುವ ಸರಿ. ಜೋಳದ ಹಿಟ್ಟಿನಲ್ಲಿ ತರಿ ಉಳಿಯಿತು. ಓಟ್ಸ್ ಪುಡಿ ಅಚ್ಚರಿ ತಂದಿತು. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದ್ರವಕ್ಕೆ ಒಂದು ಜಾರುವ ಗುಣ ಕೊಡುತ್ತದೆ, ಬಾಯಿಯಲ್ಲಿ ಕ್ರೀಮ್ ಇದೆಯೆಂಬ ಭ್ರಮೆಗೆ ಅತ್ಯಂತ ಹತ್ತಿರ ಬಂದದ್ದು ಇದೇ. ಪೂರ್ತಿ ಓಟ್ಸ್ ಹಾಕಿದರೆ ಮಾತ್ರ ಗಂಜಿಯ ವಾಸನೆ ಬಚ್ಚಿಡಲಾಗದು. ಕೊನೆಗೆ ಉಳಿದದ್ದು ಮೈದಾ 20 ಗ್ರಾಂ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಓಟ್ಸ್ 10 ಗ್ರಾಂ.

ಒಣ ಹುರಿಯುವಾಗ ಬಣ್ಣ ಬರಬಾರದು. ಹಿಟ್ಟು ಕೆಂಪಾದಷ್ಟೂ ಅದರ ಪಿಷ್ಟ ಒಡೆದು ಗಟ್ಟಿಯಾಗಿಸುವ ಶಕ್ತಿ ಕುಗ್ಗುತ್ತದೆ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಹಸಿವಾಸನೆ ಹೋಗಿ ಬಿಸ್ಕತ್ತಿನಂಥ ವಾಸನೆ ಶುರುವಾದ ಕೂಡಲೇ ಬೇರೆ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕೆಂಪಾಗುತ್ತದೆ.

ಹಾಲು ಟೋನ್ಡ್, ಅಂದರೆ ಶೇ 3 ಕೊಬ್ಬಿನದು, 500 ಮಿಲಿ. ಡಬಲ್ ಟೋನ್ಡ್ ಹಾಲಿನಲ್ಲಿ ಶೇ 1.5 ಮಾತ್ರ ಇರುತ್ತದೆ, ಅದರಲ್ಲೂ ಮಾಡಿದೆ. ಉಳಿತಾಯ ತಲೆಗೆ ಎರಡು ಗ್ರಾಂ ಕೂಡ ಇಲ್ಲ, ರುಚಿಯ ನಷ್ಟ ಅದಕ್ಕಿಂತ ಹೆಚ್ಚು. ಕೊಬ್ಬಿಲ್ಲದೆ ಹಾಲಿನ ಮೈ ಹೆಚ್ಚಿಸುವ ದಾರಿ ಬೇರೆಯೇ ಇದೆ: ಕೆನೆ ತೆಗೆದ ಹಾಲಿನ ಪುಡಿ. 15 ಗ್ರಾಂ ಸೇರಿಸಿದರೆ ಹಾಲಿನ ಪ್ರೊಟೀನ್, ಸಕ್ಕರೆ ಹೆಚ್ಚಿ, ಹಾಲನ್ನು ಬತ್ತಿಸಿದಾಗ ಬರುವ ತುಂಬು ರುಚಿ ಬರುತ್ತದೆ. ಹಾಲನ್ನೇ ಒಲೆಯ ಮೇಲೆ ಬತ್ತಿಸುವುದೂ ಆಗುತ್ತದೆ, ಆದರೆ ಬತ್ತುವುದು ನೀರು ಮಾತ್ರ, ಕೊಬ್ಬು ಅಲ್ಲೇ ಇರುತ್ತದೆ. ಬಾಸುಂದಿ ಮಾಡುವವರು ಇದನ್ನು ಬೇಕೆಂದೇ ಮಾಡುತ್ತಾರೆ.

100 ಮಿಲಿ ತಣ್ಣನೆಯ ಹಾಲನ್ನು ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಎರಡು ಲವಂಗ ಚುಚ್ಚಿದ ಅರ್ಧ ಈರುಳ್ಳಿ ಹಾಕಿ ಕಾಯಿಸಿ, ಒಲೆ ಆರಿಸಿ, ಕಾಲು ಗಂಟೆ ಮುಚ್ಚಿಟ್ಟೆ. ಯುರೋಪಿನ ಅಡುಗೆಯಲ್ಲಿ ಇದರ ಜೊತೆ ಬೇ ಎಲೆ ಹಾಕುವ ಪದ್ಧತಿಯಿದೆ. ನಮ್ಮ ಪಲಾವ್ ಎಲೆ ಆ ಗಿಡದ್ದಲ್ಲ, ದಾಲ್ಚಿನ್ನಿಯ ಕುಲದ್ದು. ಹಾಕಿದರೆ ಸಾಸ್ ಪಲಾವಿನ ಕಡೆಗೆ ವಾಲುತ್ತದೆ. ಹಾಕಲಿಲ್ಲ. ತಣ್ಣನೆಯ ಹಾಲಿನಲ್ಲಿ ಹುರಿದ ಹಿಟ್ಟು, ಓಟ್ಸ್, ಹಾಲಿನ ಪುಡಿ ಕಲಸಿ, ಸೋಸಿದ ಬಿಸಿ ಹಾಲಿಗೆ ತೆಳುವಾಗಿ ಸುರಿಯುತ್ತ, ತಳ ಮುಟ್ಟುವಂತೆ ಕೈಯಾಡಿಸುತ್ತ ಕುದಿಸಿದೆ. ಕುದಿ ಬಂದ ಮೇಲೂ ಎರಡು ಮೂರು ನಿಮಿಷ ಬೇಕು, ಇಲ್ಲದಿದ್ದರೆ ಹಿಟ್ಟಿನ ರುಚಿ ಉಳಿಯುತ್ತದೆ. ಕೊಬ್ಬು ಕಡಿಮೆಯಿರುವ ಹಾಲಿನ ಸಾಸ್ ಬೇಗ ತಳ ಹಿಡಿಯುತ್ತದೆ. ದಪ್ಪ ತಳದ ಪಾತ್ರೆಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ಕಾಂಡದ ಲೇಹ. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು.

ಕ್ರೀಮ್‌ನ ಮೂರನೆಯ ಕೆಲಸಕ್ಕೆ, ಅಂದರೆ ರುಚಿಗಳ ಅಂಚು ಮೊಂಡಾಗಿಸುವುದಕ್ಕೆ, ನೀರು ಬಸಿದ ಮೊಸರನ್ನು ತಂದೆ. ಟೋನ್ಡ್ ಹಾಲಿನ 200 ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿ ತೂಗುಹಾಕಿದರೆ ಸುಮಾರು 100 ಗ್ರಾಂ ಉಳಿಯುತ್ತದೆ. ನೀರು ಹೋಗುತ್ತದೆ, ಕೊಬ್ಬು ಹೋಗುವುದಿಲ್ಲ. ಫುಲ್ ಕ್ರೀಮ್ ಹಾಲಿನ ಮೊಸರನ್ನು ಬಸಿದು ಹಗುರವೆಂದು ನಂಬಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬಸಿದ ನೀರು ಚಪಾತಿ ಹಿಟ್ಟಿಗೆ.

ಮೊಸರು ಬಿಸಿಗೆ ಒಡೆಯುವುದಿಲ್ಲವೇ ಎಂದು ಕೇಳುವವರು ಮಜ್ಜಿಗೆ ಹುಳಿಯನ್ನು ನೆನಪಿಸಿಕೊಳ್ಳಲಿ. ನೆನೆಸಿದ ಕಡಲೆಬೇಳೆಯನ್ನು ಕಾಯಿಯ ಜೊತೆ ಅರೆದು ಹಾಕುವುದು ರುಚಿಗಷ್ಟೇ ಅಲ್ಲ. ಬೇಳೆಯ ಪಿಷ್ಟ ಮೊಸರಿನ ಪ್ರೊಟೀನ್ ಕಣಗಳ ನಡುವೆ ಸೇರಿಕೊಂಡು ಅವು ಒಂದಕ್ಕೊಂದು ಅಂಟಿ ಗರಣೆಗಟ್ಟದಂತೆ ತಡೆಯುತ್ತದೆ. ಮಜ್ಜಿಗೆ ಹುಳಿಯನ್ನು ಮೊದಲ ಕುದಿಗೇ ಇಳಿಸುವುದೂ ಅದೇ ಎಚ್ಚರಿಕೆ. ಇಲ್ಲಿ ಮೈದಾ, ಓಟ್ಸ್ ಆಗಲೇ ಆ ಕೆಲಸಕ್ಕೆ ಸಿದ್ಧವಾಗಿ ನಿಂತಿವೆ. ಒಲೆ ಆರಿಸಿ, ಒಂದು ಸೌಟು ಬಿಸಿ ಸಾಸನ್ನು ಮೊಸರಿಗೆ ಹಾಕಿ ಕಲಸಿ, ಆ ಮಿಶ್ರಣವನ್ನು ಪಾತ್ರೆಗೆ ಸುರಿದೆ. ಓವನ್‌ನ ಬಿಸಿಯಲ್ಲೂ ಒಡೆಯಲಿಲ್ಲ.

ಬೆಣ್ಣೆಯನ್ನು ಪೂರ್ತಿ ಬಿಡಲಿಲ್ಲ. 10 ಗ್ರಾಂ ಉಳಿಸಿಕೊಂಡು, ಹುರಿಯುವುದಕ್ಕೆ ಬಳಸದೆ, ಒಲೆ ಆರಿಸಿದ ಮೇಲೆ ಕೊನೆಯಲ್ಲಿ ಹಾಕಿದೆ. ಶುರುವಿನಲ್ಲಿ ಹಾಕಿದ 50 ಗ್ರಾಂ ಬೆಣ್ಣೆ ಹಿಟ್ಟಿನೊಳಗೆ ಹೂತುಹೋಗುತ್ತಿತ್ತು. ಕೊನೆಯ 10 ಗ್ರಾಂ ಮೂಗಿಗೂ ಬರುತ್ತದೆ, ನಾಲಿಗೆಗೂ ತಾಗುತ್ತದೆ. ತುರಿದ ಜಾಯಿಕಾಯಿ ಎರಡು ಚಿಟಿಕೆ, ಬಿಳಿ ಮೆಣಸಿನ ಪುಡಿ, ಆಮೇಲೆ ಸಾಸಿವೆ.

ಸಾಸಿವೆಯ ಕಥೆ ಬೇರೆ. ಬ್ರೊಕೊಲಿಯಲ್ಲಿ ಗ್ಲೂಕೊರಫನಿನ್ ಎಂಬ ಸಂಯುಕ್ತವಿದೆ. ಕತ್ತರಿಸಿದಾಗ ಮೈರೊಸಿನೇಸ್ ಎಂಬ ಕಿಣ್ವ ಅದರ ಮೇಲೆ ಕೆಲಸ ಮಾಡಿ ಸಲ್ಫೊರಫೇನ್ ಉಂಟಾಗುತ್ತದೆ. ಬ್ರೊಕೊಲಿಯನ್ನು ಹೊಗಳುವವರು ಹೊಗಳುವುದು ಬಹುಪಾಲು ಇದನ್ನೇ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಸಾಸಿವೆಯೂ ಅದೇ ಕುಟುಂಬದ್ದಾದ್ದರಿಂದ ಅದರಲ್ಲಿಯೂ ಆ ಕಿಣ್ವವಿದೆ, ಬೆಂದ ಬ್ರೊಕೊಲಿಗೆ ಹಸಿ ಸಾಸಿವೆ ಪುಡಿ ಬೆರೆಸಿದರೆ ಸಲ್ಫೊರಫೇನ್ ಮತ್ತೆ ಉಂಟಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಈ ಗುಣವಿಲ್ಲ, ಅದು ಹಸಿಯಾಗಿ ಪುಡಿಯಾಗಬೇಕು. ನಮ್ಮ ಹಸಿ ಸಾಸಿವೆ ಅರೆದ ಮೊಸರು ಪಲ್ಯಗಳಂತೆ. ಓವನ್‌ಗೆ ಹೋಗುವ ಸಾಸಿನಲ್ಲಿ ಕಿಣ್ವ ಉಳಿಯುವ ಭರವಸೆ ಇಟ್ಟುಕೊಳ್ಳಬೇಕಾಗಿಲ್ಲ. ಬೇಕ್‌ಗೆ ನಾನು ಅದನ್ನು ಹಾಕಿದ್ದು ರುಚಿಗೆ. ಅದು ಚೀಸ್‌ನ ರುಚಿಯನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಚೀಸ್ ಕಡಿಮೆಯಾದದ್ದು ಗೊತ್ತಾಗುವುದಿಲ್ಲ.

"ಇದಕ್ಕೆ ಸಾಸಿವೆ ಹಾಕಿದ್ದೀಯಾ?" ಎಂದರು ಅಮ್ಮ, ಚಮಚ ನೆಕ್ಕುತ್ತ.

"ಕಾಲು ಚಮಚ ಅಮ್ಮ."

"ಅರ್ಧ ಹಾಕು."

ಅರ್ಧ ಚಮಚವೇ ಅಂತಿಮ ಅಳತೆಯಾಯಿತು.

ಚೀಸ್ ಮತ್ತು ಜೋಡಣೆ

150 ಗ್ರಾಂ ಚೀಸ್ 60ಕ್ಕೆ ಇಳಿಯಿತು. ಅದರಲ್ಲಿ 20 ಗ್ರಾಂ ಮಾತ್ರ ಸಾಸಿನೊಳಗೆ, 40 ಗ್ರಾಂ ಮೇಲೆ. ನಮ್ಮ ಅಂಗಡಿಗಳ ಘನಾಕೃತಿಯ ಸಂಸ್ಕರಿತ ಚೀಸ್‌ನಲ್ಲಿ ಕೊಬ್ಬು ಮತ್ತು ನೀರನ್ನು ಬೆಸೆದಿಡುವ (ಎಮಲ್ಸಿಫೈ ಮಾಡುವ) ಲವಣಗಳಿರುವುದರಿಂದ ಅದು ಎಣ್ಣೆ ಬಿಡದೆ ನಯವಾಗಿ ಕರಗುತ್ತದೆ. ಒಳಗಿನ 20 ಗ್ರಾಂಗೆ ಅದೇ ಸರಿ. ಮೇಲಿನದಕ್ಕೆ ತಿಂಗಳುಗಟ್ಟಲೆ ಮಾಗಿಸಿದ ಚೆಡ್ಡರ್ ಸಿಕ್ಕರೆ ಒಳ್ಳೆಯದು, ತುಟ್ಟಿಯಾದರೂ ಸ್ವಲ್ಪದರಲ್ಲೇ ಹೆಚ್ಚು ರುಚಿ. ಸಣ್ಣ ರಂಧ್ರದ ತುರಿಮಣೆಯಲ್ಲಿ ತುರಿದರೆ 40 ಗ್ರಾಂ ಇಡೀ ತಟ್ಟೆಯನ್ನು ಮುಚ್ಚುತ್ತದೆ. ಎರಡು ಹೋಳು ಹಳೆಯ ಬ್ರೆಡ್ಡನ್ನು ಪುಡಿ ಮಾಡಿ ಒಂದು ಟೀ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿಯಲ್ಲಿ ಹೊರಳಿಸಿ ಚೀಸ್ ಜೊತೆ ಬೆರೆಸಿ ಉದುರಿಸಿದೆ. ರಸ್ಕ್ ಬಳಸಬೇಡಿ, ಸಿಹಿ ಇರುತ್ತದೆ.

100 ಗ್ರಾಂ ಮ್ಯಾಕರೋನಿಯನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಬೇಕು, ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಓವನ್ 200 ಡಿಗ್ರಿ, ಎರಡೂ ಕಡೆಯ ಕಡ್ಡಿಗಳು ಕೆಂಪಾಗಿ, ಹದಿನೈದು ನಿಮಿಷ. ಕೊನೆಯ ಮೂರು ನಿಮಿಷ ಮೇಲಿನದು ಮಾತ್ರ. ಹೊರತೆಗೆದು ಹತ್ತು ನಿಮಿಷ ಬಿಟ್ಟರೆ ಸಾಸ್ ಕೂತುಕೊಳ್ಳುತ್ತದೆ.

ಹೊಸ ಲೆಕ್ಕ: ಹಾಲಿನಿಂದ 15, ಚೀಸ್‌ನಿಂದ 15, ಬೆಣ್ಣೆಯಿಂದ 8, ಮೊಸರಿನಿಂದ 6, ಎರಡು ಚಮಚ ಎಣ್ಣೆಯಿಂದ 9. ಒಟ್ಟು 53, ತಲೆಗೆ 13 ಗ್ರಾಂ. ಮಗಳು ಹಳೆಯದೇ ಹೆಚ್ಚು ರುಚಿ ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಹೊಸದನ್ನೂ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ.

ರಕ್ತ ತೆಳುವಾಗಿಸಲು ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಬ್ರೊಕೊಲಿಯ ಪ್ರಮಾಣವನ್ನು ಒಮ್ಮೆಲೇ ಏರಿಸುವ ಮೊದಲು ವೈದ್ಯರನ್ನು ಕೇಳಿ. ಇದರಲ್ಲಿ ಕೆ ಜೀವಸತ್ವ ಹೇರಳವಾಗಿದೆ, ಅದು ಆ ಔಷಧದ ಕೆಲಸಕ್ಕೆ ಅಡ್ಡ ಬರುತ್ತದೆ.

ಅದೇ ಭಾಗಗಳಿಂದ ಸೂಪ್

ಸಾಸ್ ಸರಿಯಾದ ಮೇಲೆ ಅಮೆರಿಕದ ಬ್ರೊಕೊಲಿ-ಚೆಡ್ಡರ್ ಸೂಪ್ ಹೆಚ್ಚು ಸತಾಯಿಸಲಿಲ್ಲ. ಒಂದು ಟೀ ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕಾಂಡದ ಬಿಲ್ಲೆಗಳನ್ನು ಬಾಡಿಸಿ, ಎರಡು ಚಮಚ ಹೆಸರುಬೇಳೆ, 600 ಮಿಲಿ ನೀರು ಹಾಕಿ ಬೇಳೆ ಕರಗುವವರೆಗೆ ಬೇಯಿಸಿದೆ. ಮೈ ಕೊಡುವುದು ಹೆಸರುಬೇಳೆ, ಹಿಟ್ಟು ಬೇಕಾಗುವುದಿಲ್ಲ. ಹೂವು ಹಾಕಿದ್ದು ಕೊನೆಯ ನಾಲ್ಕು ನಿಮಿಷ, ಮುಚ್ಚಳ ತೆರೆದು. ಒಂದು ಹಿಡಿ ಹೂವನ್ನು ತೆಗೆದಿಟ್ಟು ಉಳಿದದ್ದನ್ನು ಅರೆದೆ. ಬಿಸಿ ಸೂಪನ್ನು ಮಿಕ್ಸಿಗೆ ಹಾಕಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ತಣಿಸಿ, ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಿಸದೆ ಅರೆಯಬೇಕು.

ಮತ್ತೆ ಬಿಸಿ ಮಾಡಿ 200 ಮಿಲಿ ಹಾಲು ಸೇರಿಸಿ, ಒಲೆಯಿಂದ ಇಳಿಸಿ 40 ಗ್ರಾಂ ಚೀಸ್. ಬಟ್ಟಲಿಗೆ ಬಡಿಸಿ, ಕುಡಿಯುವ ಬಿಸಿಗೆ ಇಳಿದ ಮೇಲೆ ಹಸಿ ಸಾಸಿವೆ ಪುಡಿ ಬೆರೆಸುವುದು. ಇಲ್ಲಿ ಅದರ ಕಿಣ್ವಕ್ಕೂ ಬದುಕುವ ಅವಕಾಶವಿದೆ. ನಿಂಬೆರಸ ಬೇಕಿದ್ದವರು ಬಟ್ಟಲಿಗೇ ಹಿಂಡಿಕೊಳ್ಳಲಿ, ಪಾತ್ರೆಗೆ ಹಿಂಡಿದರೆ ಇಡೀ ಸೂಪ್ ಪಾಚಿಬಣ್ಣ.

ಮಲಾಯಿ ಬ್ರೊಕೊಲಿ, ಮಲಾಯಿ ಬಿಟ್ಟು

ಹೋಟೆಲುಗಳ ತಂದೂರಿನಲ್ಲಿ ಸುಡುವ ಮಲಾಯಿ ಬ್ರೊಕೊಲಿಯ ಲೇಪದಲ್ಲಿ ಬಸಿದ ಮೊಸರು, ಕ್ರೀಮ್, ಚೀಸ್, ಗೋಡಂಬಿ ಎಲ್ಲವೂ ಇರುತ್ತವೆ. ನಾನು ಉಳಿಸಿದ್ದು 150 ಗ್ರಾಂ ಬಸಿದ ಮೊಸರು, 20 ಗ್ರಾಂ ಚೀಸ್. ಉಳಿದೆರಡರ ಜಾಗಕ್ಕೆ ಎರಡು ಚಮಚ ಹುರಿಗಡಲೆ ಪುಡಿ ಬಂತು. ಚಟ್ನಿ ನೀರಾದಾಗ ಕೈಗೆ ಬರುವ ಅದೇ ಹುರಿಗಡಲೆ. ಅದು ಲೇಪವನ್ನು ಹೂವಿಗೆ ಅಂಟಿಸುತ್ತದೆ, ಮೊಸರು ಒಡೆಯದಂತೆ ಕಾಯುತ್ತದೆ, ಗೋಡಂಬಿಯ ಸಿಹಿಯನ್ನೂ ಒಂದಿಷ್ಟು ನೆನಪಿಸುತ್ತದೆ. ಶುಂಠಿ, ಹಸಿಮೆಣಸಿನಕಾಯಿ, ಏಲಕ್ಕಿ, ಬಿಳಿ ಮೆಣಸು. ಹೂವನ್ನು ಉಪ್ಪುನೀರಿನಲ್ಲಿ ಒಂದು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ, ನೀರಿನ ಹನಿಯೂ ಉಳಿಯದಂತೆ ಒರೆಸಿ ಲೇಪ ಹಚ್ಚಬೇಕು. ಅರ್ಧ ಗಂಟೆ ಬಿಟ್ಟು 220 ಡಿಗ್ರಿಯಲ್ಲಿ ಅಂಚು ಕಪ್ಪಾಗುವವರೆಗೆ. ಮೇಲೆ ಕರಗಿದ ಬೆಣ್ಣೆ ಅರ್ಧ ಟೀ ಚಮಚ, ಕುಂಚದಿಂದ. ಮೂರರಲ್ಲಿ ಹೆಚ್ಚು ಕಡಿಮೆ ಮೂಲದ ರುಚಿಯನ್ನೇ ಮುಟ್ಟಿದ್ದು ಇದೊಂದೇ ಎಂದು ನನ್ನ ಅಭಿಪ್ರಾಯ.

ಮರುದಿನ

ಬೇಕ್ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ. ಕೊಬ್ಬು ಕಡಿಮೆ, ಪಿಷ್ಟವೇ ಮುಖ್ಯವಾದ ಸಾಸಿನ ಸ್ವಭಾವ ಅದು. ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ನಿಧಾನವಾಗಿ ಬಿಸಿ ಮಾಡಿದರೆ ಸರಿಹೋಗುತ್ತದೆ. ಮಕ್ಕಳ ಊಟದ ಡಬ್ಬಿಗೆ ಕಳಿಸಬೇಡಿ: ಮುಚ್ಚಿದ ಡಬ್ಬಿಯಲ್ಲಿ ಬ್ರೊಕೊಲಿಯ ವಾಸನೆ ಬಲಿಯುತ್ತದೆ, ಅಕ್ಕಪಕ್ಕದ ಮಕ್ಕಳು ಸುಮ್ಮನಿರುವುದಿಲ್ಲ. ಮೊಸರು ಹಾಕಿದ ಸಾಸನ್ನು ಫ್ರೀಜರ್‌ನಲ್ಲಿಟ್ಟರೆ ಕರಗುವಾಗ ನೀರು ಬೇರೆಯಾಗುತ್ತದೆ. ಕಾಂಡದ ಲೇಹವನ್ನು ಮಾತ್ರ ಇಡಬಹುದು, ಐಸ್ ತಟ್ಟೆಯಲ್ಲಿ ಗಟ್ಟಿಯಾಗಿಸಿ ತುಂಡು ತುಂಡಾಗಿ.

ಬೇಸಿಗೆಯಲ್ಲಿ ಬ್ರೊಕೊಲಿ ಬೆಲೆ ಏರಿ, ಮೊಗ್ಗು ಹಳದಿಯಾಗಿ ಬರುತ್ತದೆ. ಆಗ ಕಾಂಡದ ಕೆಲಸಕ್ಕೆ ಎಳೆಯ ನವಿಲುಕೋಸನ್ನು ಬಳಸಿ ನೋಡುತ್ತಿದ್ದೇನೆ. 120 ಗ್ರಾಂ ತಿರುಳಿಗೆ ನೀರು 150ರ ಬದಲು 100 ಮಿಲಿ ಸಾಕು, ಅದು ತಾನೇ ಹೆಚ್ಚು ನೀರು ಬಿಡುತ್ತದೆ. ಬಣ್ಣ ಇನ್ನೂ ಬಿಳಿ, ಸಿಹಿ ಒಂದು ಗುಲಗಂಜಿ ಜಾಸ್ತಿ, ಹಾಗಾಗಿ ಬಿಳಿ ಮೆಣಸು ಸ್ವಲ್ಪ ಹೆಚ್ಚು ಬೀಳಬೇಕು. ಬಲಿತ ಗೆಡ್ಡೆಯಾದರೆ ಬುಡದ ಕಡೆಯ ನಾರನ್ನು ದಪ್ಪಗೆ ಕೆತ್ತಿ ತೆಗೆಯದೆ ಗತಿಯಿಲ್ಲ.